ಮೇಲಿನ ಲೀಗಿಗೆ ಯಾರು ಸಿದ್ಧ? ಐಸ್ ಹಾಕಿಯ ಎಳೆಯರನ್ನು ಅಳೆಯುವ ಬಗೆ

2011–12ರ ಋತುವಿನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್ ಅಡ್ಮಿರಲ್ಸ್ ಎಂಬ ಐಸ್ ಹಾಕಿ ತಂಡ ಲೀಗ್ ಹಂತದ ಕೊನೆಯ 28 ಪಂದ್ಯಗಳನ್ನು ಸಾಲಾಗಿ ಗೆದ್ದಿತು. ಬೆನ್ನಿಗೇ ಅಮೆರಿಕನ್ ಹಾಕಿ ಲೀಗಿನ ಕಾಲ್ಡರ್ ಕಪ್ ಕೂಡ ಅದರದ್ದಾಯಿತು. ತರಬೇತುದಾರರು ಜಾನ್ ಕೂಪರ್. ಆ ತಂಡದ ಮೂವರು ಎಳೆಯರ ಲೆಕ್ಕ ನೋಡಿ. ಕೋರಿ ಕೊನಾಕರ್ 75 ಪಂದ್ಯಗಳಲ್ಲಿ 80 ಅಂಕ ಗಳಿಸಿದರು. ಅದರಲ್ಲಿ 39 ಗೋಲು. ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಟೈಲರ್ ಜಾನ್ಸನ್ 75 ಪಂದ್ಯಗಳಲ್ಲಿ 68 ಅಂಕ. ಓಂಡ್ರೆಯ್ ಪಾಲಾಟ್ 61 ಪಂದ್ಯಗಳಲ್ಲಿ ಬರೀ 30. ಈ ಆಟದಲ್ಲಿ ಗೋಲು ಹೊಡೆದವರಿಗೆ ಒಂದು ಅಂಕ, ಅದಕ್ಕೆ ದಾರಿ ಮಾಡಿಕೊಟ್ಟ ಇಬ್ಬರವರೆಗೆ ತಲಾ ಒಂದು ಅಂಕ.

ಈ ಮೂವರಲ್ಲಿ ಮೇಲಿನ ಲೀಗಿನಲ್ಲಿ, ಅಂದರೆ ನ್ಯಾಷನಲ್ ಹಾಕಿ ಲೀಗಿನಲ್ಲಿ (ಎನ್‌ಎಚ್‌ಎಲ್), ಗಟ್ಟಿಯಾಗಿ ನಿಲ್ಲುವವರು ಯಾರು ಎಂದು ಆಗ ಕೇಳಿದ್ದರೆ ಹೆಚ್ಚಿನವರು ಕೊನಾಕರ್ ಹೆಸರನ್ನೇ ಹೇಳುತ್ತಿದ್ದರು. ಮೊದಮೊದಲು ಆ ಮಾತು ನಿಜವಾಗುವಂತೆಯೂ ಕಂಡಿತು. ಟ್ಯಾಂಪಾ ಬೇ ಲೈಟ್ನಿಂಗ್ ತಂಡದಲ್ಲಿ ಅವರು ಮೊದಲ 35 ಪಂದ್ಯಗಳಿಗೆ 24 ಅಂಕ ಗಳಿಸಿದರು. ಅಷ್ಟರಲ್ಲಿ ತಂಡ ಅವರನ್ನು ಒಟ್ಟಾವಾ ತಂಡಕ್ಕೆ ಕೊಟ್ಟು ಬೆನ್ ಬಿಷಪ್ ಎಂಬ ಗೋಲಿಯನ್ನು (ಗೋಲು ಕಾಯುವವರನ್ನು) ತಂದುಕೊಂಡಿತು. ಆಮೇಲೆ ಕೊನಾಕರ್ ತಂಡದಿಂದ ತಂಡಕ್ಕೆ ಅಲೆದರು. ಇಡೀ ವೃತ್ತಿಜೀವನದಲ್ಲಿ ಅವರಿಗೆ ಸಿಕ್ಕ ಎನ್‌ಎಚ್‌ಎಲ್ ಪಂದ್ಯಗಳು 200ಕ್ಕಿಂತ ಕಡಿಮೆ. ಅತ್ತ ಪಾಲಾಟ್ 2013–14ರಲ್ಲಿ 81 ಪಂದ್ಯಗಳಿಗೆ 59 ಅಂಕ ಗಳಿಸಿ, ಜಾನ್ಸನ್ ಜೊತೆಗೆ, ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿಯ ಕೊನೆಯ ಮೂವರಲ್ಲಿ ಒಬ್ಬರಾದರು. 2020 ಮತ್ತು 2021ರಲ್ಲಿ ಟ್ಯಾಂಪಾ ಸ್ಟ್ಯಾನ್ಲಿ ಕಪ್ ಗೆದ್ದಾಗ ಜಾನ್ಸನ್, ಪಾಲಾಟ್ ಇಬ್ಬರೂ ತಂಡದಲ್ಲಿದ್ದರು.

ಒಂದೇ ತಂಡ, ಒಬ್ಬರೇ ತರಬೇತುದಾರರು, ಹೆಚ್ಚುಕಡಿಮೆ ಒಂದೇ ವಯಸ್ಸು. ಹಾಗಿದ್ದೂ ಕೆಳಗಿನ ಲೀಗಿನ ಅಂಕಪಟ್ಟಿ ಮೇಲಿನ ಲೀಗಿನಲ್ಲಿ ತಲೆಕೆಳಗಾಯಿತು. ಹೀಗೇಕಾಗುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಎರಡು ಲೀಗುಗಳ ನಡುವಿನ ದೂರ

ಎನ್‌ಎಚ್‌ಎಲ್‌ನಲ್ಲಿ ಅಮೆರಿಕ, ಕೆನಡಾ ಸೇರಿ 32 ತಂಡಗಳಿವೆ. ತಂಡಗಳು ಎಳೆಯರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರತಿವರ್ಷದ ಡ್ರಾಫ್ಟ್‌ನಲ್ಲಿ ಏಳು ಸುತ್ತು. ಸುಮಾರು 224 ಹುಡುಗರ ಆಯ್ಕೆ. ಬಹುಪಾಲು 18ರ ಪ್ರಾಯದವರು. ಅವರಲ್ಲಿ ಕೈಬೆರಳೆಣಿಕೆಯಷ್ಟು ಮಂದಿ ಮಾತ್ರ ನೇರ ಮೇಲಿನ ಲೀಗಿಗೆ ಹೋಗುತ್ತಾರೆ. ಉಳಿದವರು ಜೂನಿಯರ್ ಲೀಗು, ವಿಶ್ವವಿದ್ಯಾಲಯ ಅಥವಾ ಯುರೋಪಿನ ಕ್ಲಬ್ಬುಗಳಲ್ಲಿ ಬೆಳೆದು, ಆಮೇಲೆ ಅಮೆರಿಕನ್ ಹಾಕಿ ಲೀಗಿಗೆ (ಎಎಚ್‌ಎಲ್) ಬರುತ್ತಾರೆ. 1936ರಲ್ಲಿ ಹುಟ್ಟಿದ ಈ ಲೀಗಿನಲ್ಲೂ ಈಗ 32 ತಂಡಗಳು. ಮೇಲಿನ ಒಂದೊಂದು ತಂಡಕ್ಕೂ ಇಲ್ಲೊಂದು ಜೋಡಿ ತಂಡವಿದೆ. ಇಂದಿನ ಎನ್‌ಎಚ್‌ಎಲ್ ಆಟಗಾರರಲ್ಲಿ ಸುಮಾರು ಶೇ 90ರಷ್ಟು ಮಂದಿ ಇಲ್ಲಿ ಆಡಿಯೇ ಮೇಲೆ ಹೋದವರು.

ಕೊಡಗಿನ ಮೈದಾನದ ಹಾಕಿ ಬಲ್ಲ ನಮ್ಮ ಓದುಗರು ಒಂದು ವಿಷಯ ಗಮನದಲ್ಲಿಡಬೇಕು. ಐಸ್ ಹಾಕಿಯ ಅಂಕಣ ಚಿಕ್ಕದು: ಉದ್ದ 200 ಅಡಿ, ಅಗಲ 85 ಅಡಿ, ಸುತ್ತಲೂ ಗೋಡೆ. ಆಟಗಾರ ಒಂದು ಸಲ ಮಂಜಿಗಿಳಿದರೆ ಮುಕ್ಕಾಲು ನಿಮಿಷದ ಆಸುಪಾಸು ಆಡಿ, ಏದುಸಿರು ಬಿಡುತ್ತ ಹೊರಬರುತ್ತಾನೆ. ಅಂಕಣದ ಅಳತೆ ಎರಡೂ ಲೀಗುಗಳಲ್ಲಿ ಒಂದೇ. ಬದಲಾಗುವುದು ಸಮಯ. ಎಎಚ್‌ಎಲ್‌ನಲ್ಲಿ ಪಕ್ (ಆಟದ ರಬ್ಬರ್ ಬಿಲ್ಲೆ) ಕೋಲಿಗೆ ಬಂದಮೇಲೆ ತಲೆಯೆತ್ತಿ ನೋಡಿ, ಯೋಚಿಸಿ, ಪಾಸ್ ಕೊಡಲು ಒಂದು ಗಳಿಗೆ ಸಿಗುತ್ತದೆ. ಎನ್‌ಎಚ್‌ಎಲ್‌ನಲ್ಲಿ ಆ ಗಳಿಗೆ ಇಲ್ಲ. ಎದುರಾಳಿಯ ಕೋಲು ಆಗಲೇ ಪಾಸಿನ ದಾರಿಯಲ್ಲಿರುತ್ತದೆ. ಕೆಳಗೆ ಅಂಕ ತಂದುಕೊಟ್ಟ ಕುಸುರಿಗಳಲ್ಲಿ ಎಷ್ಟು ಈ ಕಡಿಮೆ ಸಮಯದಲ್ಲೂ ಉಳಿಯುತ್ತವೆ? ಒಳ್ಳೆಯ ಪರೀಕ್ಷಕರು ಹುಡುಕುವುದು ಇದನ್ನೇ.

ಅಂಕವನ್ನು ಅಂಕದಿಂದ ತೂಗುವುದು

ಗೇಬ್ರಿಯಲ್ ಡೆಜಾರ್ಡಿನ್ಸ್ ಎಂಬ ವಿಶ್ಲೇಷಕರು ಒಂದು ಸರಳ ಉಪಾಯ ಕಂಡುಕೊಂಡರು. ಒಂದು ಲೀಗಿನಿಂದ ಎನ್‌ಎಚ್‌ಎಲ್‌ಗೆ ಹೋದ ಆಟಗಾರರನ್ನೆಲ್ಲ ಒಟ್ಟುಗೂಡಿಸಿ, ಅವರು ಕೆಳಗೆ ಪಂದ್ಯಕ್ಕೆ ಗಳಿಸುತ್ತಿದ್ದ ಅಂಕವನ್ನೂ ಮೇಲೆ ಗಳಿಸಿದ ಅಂಕವನ್ನೂ ಹೋಲಿಸುವುದು. ಆಗ ಪ್ರತಿ ಲೀಗಿಗೂ ಒಂದು ಗುಣಕ ಸಿಗುತ್ತದೆ. ಎಎಚ್‌ಎಲ್‌ನ ಗುಣಕ ಸುಮಾರು 0.45. ಕೆಳಗೆ ಪಂದ್ಯಕ್ಕೊಂದು ಅಂಕ ಗಳಿಸುವವನು ಮೇಲೆ ಅರ್ಧಕ್ಕಿಂತ ಕೊಂಚ ಕಡಿಮೆ ಗಳಿಸಬಹುದು ಎಂದು ಇದರರ್ಥ.

ನಾರ್ಫೋಕ್‌ನವರಿಗೆ ಇದನ್ನು ಹಚ್ಚಿ ನೋಡೋಣ. ಕೊನಾಕರ್‌ಗೆ 82 ಪಂದ್ಯಗಳ ಋತುವಿನಲ್ಲಿ ಸುಮಾರು 39 ಅಂಕ ಬರಬೇಕು; ಪಾಲಾಟ್‌ಗೆ ಹದಿನೆಂಟು. ಹದಿನೆಂಟರ ಜಾಗದಲ್ಲಿ 59 ಬಂದದ್ದನ್ನು ಆಗಲೇ ನೋಡಿದೆವು. ಹಾಗೆಂದು ಗುಣಕವೇ ಸುಳ್ಳಲ್ಲ. ನೂರಾರು ಆಟಗಾರರ ಸರಾಸರಿಯನ್ನು ಅದು ಸರಿಯಾಗಿಯೇ ಹೇಳುತ್ತದೆ. ಒಬ್ಬ ಹುಡುಗನ ಮುಂದಿನ ಎರಡು ವರ್ಷವನ್ನು ಹೇಳಲಾರದು, ಅಷ್ಟೆ. ಆ ಋತುವಿನ ಬಹುಭಾಗ ಪಾಲಾಟ್‌ಗೆ 20 ವರ್ಷ. ಡ್ರಾಫ್ಟ್‌ನ ಏಳನೆಯ ಸುತ್ತಿನಲ್ಲಿ, 208ನೆಯವರಾಗಿ ಆಯ್ಕೆಯಾಗಿದ್ದರು. ವೃತ್ತಿಪರ ಹಾಕಿಯಲ್ಲಿ ಅದು ಅವರ ಮೊದಲ ವರ್ಷ.

ಆದ್ದರಿಂದ ಅಂಕದ ಪಕ್ಕದಲ್ಲಿ ಯಾವಾಗಲೂ ವಯಸ್ಸನ್ನು ಬರೆದುಕೊಳ್ಳಬೇಕು. 20ರ ಹುಡುಗ 40 ಅಂಕ ಗಳಿಸಿದರೆ ಅದು 26ರವನ 70 ಅಂಕಕ್ಕಿಂತ ದೊಡ್ಡ ಸುದ್ದಿ. ಕಾರಣ, ಎಎಚ್‌ಎಲ್ ಬರೀ ಹುಡುಗರ ಲೀಗಲ್ಲ. ತಂಡದ 18 ಸ್ಕೇಟರುಗಳಲ್ಲಿ ಕನಿಷ್ಠ 13 ಮಂದಿ ಬೆಳೆಯುತ್ತಿರುವವರಿರಬೇಕೆಂಬ ನಿಯಮವಿದೆ. ಉಳಿದ ಜಾಗಗಳಲ್ಲಿ ಮೂವತ್ತು ದಾಟಿದ ಅನುಭವಿಗಳೂ ಆಡುತ್ತಾರೆ. ಅವರ ಅಂಕ ನಿಜ, ಬೆಳವಣಿಗೆ ಮುಗಿದಿರುತ್ತದೆ. ಅಂಕ ಹೇಗೆ ಬಂತು ಎಂಬುದೂ ಮುಖ್ಯ. ಎದುರಾಳಿ ತಂಡದ ಒಬ್ಬ ಶಿಕ್ಷೆಯ ಕಟ್ಟೆಯಲ್ಲಿ ಕೂತಿರುವಾಗಿನ ಪವರ್ ಪ್ಲೇಯಲ್ಲಿ ಬಂದದ್ದೇ ಹೆಚ್ಚಾಗಿದ್ದರೆ ಎಚ್ಚರ ಬೇಕು. ಮೇಲಿನ ತಂಡದಲ್ಲಿ ಆ ಐದು ಜಾಗಗಳು ನೆಲೆಯೂರಿದ ತಾರೆಗಳ ಪಾಲು. ಐವರ ಎದುರು ಐವರಿದ್ದಾಗ ಬಂದ ಅಂಕವೇ ಹೆಚ್ಚು ನಂಬಿಕೆಗೆ ಯೋಗ್ಯ.

ಜಾಗ ಯಾವುದು?

ಒಂದು ಪಂದ್ಯಕ್ಕೆ 12 ಫಾರ್ವರ್ಡ್‌ಗಳು ಇಳಿಯುತ್ತಾರೆ, ಮೂವರಂತೆ ನಾಲ್ಕು ಸಾಲು. ಮೊದಲ ಎರಡು ಸಾಲು ಗೋಲು ಹೊಡೆಯುವವರದು. ಅಂದರೆ ಹೊಡೆತಗಾರರಿಗೆ ಇರುವುದು ಆರು ಕುರ್ಚಿ. ಕೆಳಗಿನ ಲೀಗಿನಲ್ಲಿ ಪ್ರತಿ ತಂಡದ ಮೊದಲ ಸಾಲಿನ ಹುಡುಗನೂ ಆ ಆರರಲ್ಲಿ ಒಂದಕ್ಕೆ ಕಣ್ಣಿಟ್ಟಿರುತ್ತಾನೆ. ಹೆಚ್ಚಿನವರಿಗೆ ಅದು ಸಿಗುವುದಿಲ್ಲ. ಮೂರನೆಯ, ನಾಲ್ಕನೆಯ ಸಾಲಿನಲ್ಲಿ ಆಡಲು ಬೇರೆಯೇ ವಿದ್ಯೆ ಬೇಕು: ಪಕ್ ಕಳೆದುಕೊಂಡ ಕೂಡಲೇ ಹಿಂತಿರುಗಿ ಧಾವಿಸುವುದು, ಗೋಡೆಬದಿಯ ಜಗ್ಗಾಟ ಗೆಲ್ಲುವುದು, ಹೊಡೆತಕ್ಕೆ ಮೈಯೊಡ್ಡುವುದು. ಈ ವಿದ್ಯೆಯಿದ್ದವನನ್ನು ತರಬೇತುದಾರ ಮೊದಲು ನಂಬಿ ಇಳಿಸುತ್ತಾನೆ. ಇಳಿದ ಮೇಲೆ ಅವನು ಮೇಲಿನ ಸಾಲಿಗೆ ಏರಬಹುದು. ಪಾಲಾಟ್ ಮೇಲಿನ ಲೀಗಿನಲ್ಲಿ ಬೇರೂರಿದ್ದು ಅಂಕಣದ ಎರಡೂ ತುದಿಯಲ್ಲಿ ದುಡಿಯುವ ಆಟದಿಂದಲೇ. ಇದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ತೂಕದ ಪ್ರಶ್ನೆ ಮತ್ತೊಂದಿಲ್ಲ: ಅಂಕ ಬಾರದ ರಾತ್ರಿ ಈ ಹುಡುಗನಿಂದ ತಂಡಕ್ಕೇನು ಪ್ರಯೋಜನ?

ಮ್ಯಾನಿ ಮಲ್ಹೋತ್ರಾ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಕೆನಡಾದಲ್ಲಿ ಹುಟ್ಟಿದ, ಭಾರತೀಯ ಮೂಲದ ತಂದೆಯ ಮಗ. 1998ರ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ಏಳನೆಯ ಆಯ್ಕೆಯಾಗಿ ಅವರನ್ನು ತೆಗೆದುಕೊಂಡು, 18ರ ಪ್ರಾಯದಲ್ಲೇ 73 ಪಂದ್ಯಗಳಿಗೆ ಇಳಿಸಿತು. ಬಂದ ಅಂಕ 16. ಕೆನಡಾದ ಜೂನಿಯರ್ ಲೀಗುಗಳೊಡನೆ ಆಗಿದ್ದ ಒಪ್ಪಂದದಂತೆ ಅಲ್ಲಿಂದ ಆಯ್ಕೆಯಾದ ಹುಡುಗ 20 ತುಂಬುವ ಮುನ್ನ ಎಎಚ್‌ಎಲ್‌ನಲ್ಲಿ ಋತುಪೂರ್ತಿ ಆಡುವಂತಿರಲಿಲ್ಲ. ಒಂದೋ ಮೇಲೆ, ಇಲ್ಲವೋ ಜೂನಿಯರ್. ನಡುವಿನ ಮೆಟ್ಟಿಲೇ ಇಲ್ಲದ ಈ ಏರ್ಪಾಟು ಎಷ್ಟೋ ಹುಡುಗರನ್ನು ಹೊತ್ತಿಗೆ ಮೊದಲೇ ಮೇಲಕ್ಕೆ ತಳ್ಳಿದೆ. ಮಲ್ಹೋತ್ರಾ ನಿರೀಕ್ಷೆಯ ಗೋಲುಗಾರರಾಗಲಿಲ್ಲ. ಫೇಸ್‌ಆಫ್ (ಆಟ ಶುರುವಾಗುವಾಗ ಪಕ್ಕಿಗಾಗಿ ಇಬ್ಬರ ಸೆಣಸಾಟ) ಗೆಲ್ಲುವುದರಲ್ಲಿ, ಎದುರಾಳಿಯ ದೊಡ್ಡ ಆಟಗಾರರನ್ನು ಕಟ್ಟಿಹಾಕುವುದರಲ್ಲಿ ತಮ್ಮ ಜಾಗ ಕಂಡುಕೊಂಡು 991 ಎನ್‌ಎಚ್‌ಎಲ್ ಪಂದ್ಯ ಆಡಿದರು. 2000ದಲ್ಲಿ ಹಾರ್ಟ್‌ಫರ್ಡ್ ತಂಡದ ಆಟಗಾರರಾಗಿ ಗೆದ್ದಿದ್ದ ಕಾಲ್ಡರ್ ಕಪ್ಪನ್ನು 2025ರಲ್ಲಿ ಆಬಟ್ಸ್‌ಫರ್ಡ್ ಕನಕ್ಸ್ ತಂಡದ ಮುಖ್ಯ ತರಬೇತುದಾರರಾಗಿ ಮತ್ತೆ ಗೆದ್ದರು. ಆ ತಂಡದಲ್ಲಿ ಅರ್ಶ್‌ದೀಪ್ ಬೈನ್ಸ್ ಎಂಬ ಪಂಜಾಬಿ ಮೂಲದ ಹುಡುಗ ಇದ್ದರು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದರೂ ಕೆನಡಾದ ಪಶ್ಚಿಮದ ಜೂನಿಯರ್ ಲೀಗಿನಲ್ಲಿ 2021–22ರಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದವರು.

ಕೆಳಗೇ ಉಳಿದವನು ಕಡಿಮೆಯವನಲ್ಲ

ಹುಡುಗ ಕೆಳಗೇ ಇದ್ದಾನೆಂದರೆ ಸಿದ್ಧನಾಗಿಲ್ಲ ಎಂದು ಅಭಿಮಾನಿಗಳು ತೀರ್ಮಾನಿಸಿಬಿಡುತ್ತಾರೆ. ಬಹಳ ಸಲ ಅದು ಲೆಕ್ಕಪತ್ರದ ಮಾತು. ಅನುಭವಿ ಆಟಗಾರನನ್ನು ಕೆಳಗೆ ಕಳಿಸಬೇಕಾದರೆ ಮೊದಲು ವೇವರ್ಸ್ ದಾಟಬೇಕು. ಆಗ ಬೇರೆ ಯಾವ ತಂಡ ಬೇಕಾದರೂ ಅವನನ್ನು ಎತ್ತಿಕೊಳ್ಳಬಹುದು. ಎಳೆಯರಿಗೆ ಕೆಲವು ವರ್ಷ ಇದರಿಂದ ವಿನಾಯಿತಿ. ಹಾಗಾಗಿ ಮೇಲೆ ಜಾಗ ಸಾಲದಾದಾಗ, ಎಷ್ಟೇ ಚೆನ್ನಾಗಿ ಆಡುತ್ತಿದ್ದರೂ, ವಿನಾಯಿತಿಯುಳ್ಳ ಹುಡುಗನೇ ಕೆಳಗಿಳಿಯುತ್ತಾನೆ. 2013ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡ ಗುಸ್ತಾವ್ ನೀಕ್ವಿಸ್ಟ್ ಅವರನ್ನು ಋತುವಿನ ಆರಂಭಕ್ಕೆ ತನ್ನ ಜೋಡಿ ತಂಡವಾದ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಕಳಿಸಿತು. ಮೇಲೆ ಬಂದವರೇ 57 ಪಂದ್ಯಗಳಲ್ಲಿ 28 ಗೋಲು ಹೊಡೆದರು.

ಡೆಟ್ರಾಯಿಟ್‌ನವರು ಆ ಕಾಲದಲ್ಲಿ ಹುಡುಗರನ್ನು ತೀರಾ ಮಾಗಿದ ಮೇಲೆಯೇ ಕೀಳುತ್ತೇವೆ ಎಂದು ಹೇಳಿಕೊಳ್ಳುತ್ತಿದ್ದರು. ಗೋಲಿ ಜಿಮ್ಮಿ ಹೊವರ್ಡ್ ನಾಲ್ಕು ಋತು ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಕಾದು, ಮೇಲೆ ಬಂದ ವರ್ಷವೇ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿಯ ಎರಡನೆಯ ಸ್ಥಾನಕ್ಕೆ ಬಂದರು. ಇದರ ಎದುರಿಗೆ ಯೆಸ್ಸೆ ಪುಲ್ಯುಯಾರ್ವಿ ಅವರನ್ನಿಟ್ಟು ನೋಡಿ. 2016ರಲ್ಲಿ ನಾಲ್ಕನೆಯ ಆಯ್ಕೆ. 18ರಲ್ಲೇ ಎಡ್ಮಂಟನ್ ತಂಡ ಮೇಲೆ ಕರೆದುಕೊಂಡಿತು. 28 ಪಂದ್ಯ, ಒಂದೇ ಗೋಲು. ಆಮೇಲೆ ಕೆಳಗಿನ ಲೀಗಿಗೆ ಇಳಿಸಿತು. 2019ರಲ್ಲಿ ಅವರು ತಾಯ್ನಾಡು ಫಿನ್‌ಲೆಂಡಿಗೆ ಮರಳಿ ಅಲ್ಲಿನ ಲೀಗಿನಲ್ಲಿ ಆಡಿದರು. ಕಾಯಿಸಿದ್ದರೆ ತಾರೆಯಾಗುತ್ತಿದ್ದರು ಎಂದು ಪ್ರಮಾಣ ಮಾಡಿ ಹೇಳಲಾಗದು. ಆದರೆ ಎಎಚ್‌ಎಲ್‌ನಲ್ಲಿ ಪಂದ್ಯಗಳು ಹೆಚ್ಚಾಗಿ ವಾರಾಂತ್ಯದಲ್ಲಿ ಬರುವುದರಿಂದ ವಾರದ ನಡುವೆ ಅಭ್ಯಾಸಕ್ಕೆ ದಿನಗಳಿರುತ್ತವೆ. ಎನ್‌ಎಚ್‌ಎಲ್‌ನ ಪಯಣದ ನಡುವೆ ತಪ್ಪು ತಿದ್ದಿಕೊಳ್ಳಲು ಹುಡುಗನಿಗೆ ಬಿಡುವೇ ಸಿಗುವುದಿಲ್ಲ.

ಗೋಲಿಗಳ ಮಾತೇ ಬೇರೆ. ತಂಡಕ್ಕೆ ಇಬ್ಬರೇ, ಆಡುವವನು ಒಬ್ಬನೇ. ಕಾನರ್ ಹೆಲ್ಲಬಕ್ 2012ರಲ್ಲಿ 130ನೆಯ ಆಯ್ಕೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿ, 2014–15ರಲ್ಲಿ ಸೇಂಟ್ ಜಾನ್ಸ್ ಐಸ್‌ಕ್ಯಾಪ್ಸ್ ತಂಡದ ಗೋಲಿನಲ್ಲಿ 58 ಪಂದ್ಯ ನಿಂತರು. ಆಮೇಲೆ ವಿನಿಪೆಗ್ ಜೆಟ್ಸ್ ಪರವಾಗಿ 2020, 2024, 2025ರಲ್ಲಿ ಅತ್ಯುತ್ತಮ ಗೋಲಿಗೆ ಸಲ್ಲುವ ವೆಜಿನಾ ಟ್ರೋಫಿ ಗೆದ್ದರು.

ಎಎಚ್‌ಎಲ್‌ನ ಅಂಕಪಟ್ಟಿ ನಿಮ್ಮ ಕೈಗೆ ಸಿಕ್ಕರೆ ಮೇಲಿನ ಹೆಸರಿನಿಂದ ಕೆಳಕ್ಕೆ ಓದುತ್ತ ಹೋಗಬೇಡಿ. ಮೊದಲು ಹುಟ್ಟಿದ ವರ್ಷದ ಕಡೆ ಕಣ್ಣಾಡಿಸಿ. ಅದೇ ಹುಡುಗನ ಹಿಂದಿನ ವರ್ಷದ ಸಾಲನ್ನು ಪಕ್ಕದಲ್ಲಿಡಿ. ಆಮೇಲೆ ಸಾಧ್ಯವಾದರೆ ಅವನ ಒಂದು ಇಡೀ ಪಂದ್ಯ ನೋಡಿ, ಪಕ್ ಅವನ ಬಳಿ ಇಲ್ಲದಾಗ ಏನು ಮಾಡುತ್ತಾನೆಂದು ಗಮನಿಸಿ. ಡಿಫೆನ್ಸ್ ಆಟಗಾರನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಗೋಲಿಯ ಬಗ್ಗೆ, 22ರ ಪ್ರಾಯದಲ್ಲಿ ಯಾವ ತೀರ್ಪನ್ನೂ ಕೊಡಬೇಡಿ.