ಮಯಾಮಿಯ ಫ್ಲ್ಯಾಟು, ಬಾಂದ್ರಾದ ಬಾಡಿಗೆ

2008ರಲ್ಲಿ ಬಂದ 'ದೋಸ್ತಾನಾ' ಸಿನಿಮಾ ನೆನಪಿರಬಹುದು. ಮಯಾಮಿಯಲ್ಲೊಂದು ಚೆಂದದ ಫ್ಲ್ಯಾಟು. ಒಳಗೆ ಹುಡುಗಿಯಿದ್ದಾಳೆ, ಗಂಡಸರಿಗೆ ಬಾಡಿಗೆಗೆ ಕೊಡುವುದಿಲ್ಲ. ಅಭಿಷೇಕ್ ಬಚ್ಚನ್ ಮತ್ತು ಜಾನ್ ಅಬ್ರಹಾಂ 'ನಾವು ಗೇ ಜೋಡಿ' ಎಂದು ಸುಳ್ಳು ಹೇಳಿ ಆ ಮನೆ ಸೇರುತ್ತಾರೆ. ಮುಂದೆಲ್ಲ ಬಳುಕು, ತಬ್ಬಿಬ್ಬು, ಅಮ್ಮನ ಕಣ್ಣೀರು, ಥಿಯೇಟರಿನ ತುಂಬ ನಗು. ಆದರೆ ಅಂಥ ಸಿನಿಮಾಗಳು ಹುಟ್ಟುವ ಮುಂಬಯಿಯಲ್ಲಿ, ಬಾಂದ್ರಾದಲ್ಲಿ, ನಡೆಯುವುದು ಅದರ ಉಲ್ಟಾ. ಗೇ ಜೋಡಿಗೆ ಮನೆ ಬೇಕೆಂದರೆ 'ನಾವು ಬರೀ ಫ್ರೆಂಡ್ಸು, ಒಂದೇ ಆಫೀಸಿನವರು' ಎಂದು ಬ್ರೋಕರನ ಮುಂದೆ ಸುಳ್ಳು ಹೇಳಬೇಕು.

ಅದೂ ಒಂದು ಸಲ ಹೇಳಿದರೆ ಮುಗಿಯುವುದಿಲ್ಲ. 'ಬ್ಯಾಚುಲರ್‌ಗಳು ಬೇಡ, ಫ್ಯಾಮಿಲಿ ಮಾತ್ರ' ಎನ್ನುವುದು ಇಲ್ಲಿನ ಹೌಸಿಂಗ್ ಸೊಸೈಟಿಗಳ ಹಳೆಯ ಪಲ್ಲವಿ. ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸ್ ಕರಾರು ಮುಗಿದು ಮನೆ ಬದಲಿಸಬೇಕಾದಾಗಲೆಲ್ಲ ಹೊಸ ಬ್ರೋಕರು, ಹೊಸ ಸೆಕ್ರೆಟರಿ, ಅದೇ ಹಳೇ ಕಥೆ. ಬೆಡ್‌ರೂಮು ಎರಡು ಇರಲೇಬೇಕು, ಊರಿನಿಂದ ಅಪ್ಪ ಅಮ್ಮ ಬಂದಾಗ ತೋರಿಸಲಿಕ್ಕೆ. ಬಾಂದ್ರಾದ ಬಾಡಿಗೆಯಲ್ಲಿ ಯಾರೂ ಮಲಗದ ಕೋಣೆಯೊಂದನ್ನು ಸಾಕುವುದೆಂದರೆ ಸಣ್ಣ ಮಾತಲ್ಲ. ಹೆಂಗಸರಿಬ್ಬರಿಗೆ ಮನೆ ಸಿಗುವುದು ಕೊಂಚ ಸಲೀಸು, ಏಕೆಂದರೆ ಅವರ ಮೇಲೆ ಅನುಮಾನ ಬರುವುದು ಕಮ್ಮಿ. ಅವರ ಕಷ್ಟ ಫೋನಿನಲ್ಲಿರುತ್ತದೆ. 'ಗಂಡು ನೋಡಿದ್ದೇವೆ, ಬಾ' ಎಂಬಲ್ಲಿ ಶುರುವಾಗುವ ಮಾತು ಕೆಲವೊಮ್ಮೆ 'ಮಗಳು ಕಾಣೆಯಾಗಿದ್ದಾಳೆ' ಎಂಬ ಪೊಲೀಸ್ ದೂರಿನವರೆಗೆ ಹೋಗುತ್ತದೆ.

ಕನ್ನಡ ಓದುಗರಿಗೆ ಬಾಂದ್ರಾ ಎಂದರೆ ಯಶವಂತ ಚಿತ್ತಾಲರು ಬದುಕಿ ಬರೆದ ಕಡಲ ದಂಡೆ. ಉಳಿದ ದೇಶಕ್ಕೆ ಅದು ತಾರೆಯರ ಬಂಗಲೆಗಳ ಜಾಗ. ಹಿಲ್ ರೋಡಿನಲ್ಲಿ 1954ರ ಮೆಹಬೂಬ್ ಸ್ಟುಡಿಯೋ ಇದೆ, ಸ್ಟೇಷನ್ನಿನಿಂದ ಕಾಲುನಡಿಗೆಯ ದೂರದಲ್ಲಿ ಶಿಳ್ಳೆ ಚಪ್ಪಾಳೆಗೆ ಹೆಸರಾದ ಗೇಟಿ-ಗ್ಯಾಲಕ್ಸಿ ಇದೆ. ಚಿತ್ರ ತೆಗೆಯುವವರೂ ನೋಡಿ ನಗುವವರೂ ಒಂದೇ ಪೇಟೆಯವರು. ಹೀಗಾಗಿಯೋ ಏನೋ, ಪತ್ರಿಕೆಗಳ ಬಣ್ಣದ ಪುಟಗಳಲ್ಲಿ ಗೇ ಎಂದರೆ ಪಾಲಿ ಹಿಲ್ಲಿನ ಡಿಸೈನರು, ಕೈಯಲ್ಲಿ ವೈನ್ ಗ್ಲಾಸು, ನಾಲಿಗೆ ತುಂಬ ಇಂಗ್ಲಿಷು. ಹಳಿಯ ಆಚೆ ಬಾಂದ್ರಾ ಪೂರ್ವದ ಸರಕಾರಿ ಕಾಲೊನಿಯ ಗುಮಾಸ್ತ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಬ್ಯಾಂಕಿನಲ್ಲಿ ಕೂತ ಕ್ಯಾಶಿಯರ್ ಹೆಂಗಸು ಆ ಪುಟಗಳಿಗೆ ಬರುವುದಿಲ್ಲ. ಅವರಲ್ಲೂ ಗೇ, ಲೆಸ್ಬಿಯನ್ ಜನ ಇದ್ದಾರೆಂಬುದು ಲೆಕ್ಕದ ಮಾತು, ಅಷ್ಟೆ.

ಹಿಂದಿ ಸಿನಿಮಾ 1991ರ 'ಮಸ್ತ್ ಕಲಂದರ್'ನಲ್ಲಿ ಅನುಪಮ್ ಖೇರ್‌ಗೆ ಪಿಂಕು ಎಂಬ ಪಾತ್ರ ಕೊಟ್ಟಿತು. ನಗಿಸುವುದೇ ಅದರ ಕೆಲಸ. 2003ರ 'ಕಲ್ ಹೋ ನಾ ಹೋ'ದಲ್ಲಿ ಇಬ್ಬರು ನಾಯಕರನ್ನು ಒಟ್ಟಿಗೆ ಕಂಡಾಗಲೆಲ್ಲ ಹೌಹಾರುವ ಕಾಂತಾಬೆನ್ ಬಂದಳು. ಆ ತಮಾಷೆ ಎಷ್ಟು ಓಡಿತೆಂದರೆ ಎಷ್ಟೋ ಹುಡುಗರು ಕಾಲೇಜಿನಲ್ಲಿ ಆ ಹೆಸರನ್ನೇ ಬೈಗುಳವಾಗಿ ಕೇಳಿಸಿಕೊಂಡರು. ನಮ್ಮ ಕನ್ನಡ ಕಾಮಿಡಿ ಷೋಗಳೂ ಕಮ್ಮಿಯಿಲ್ಲ. ಗಂಡಸಿಗೆ ಸೀರೆ ಉಡಿಸಿ ನಾಲ್ಕು ಸಲ ಕೈ ಕುಣಿಸಿದರೆ ಸ್ಕ್ರಿಪ್ಟೇ ಬೇಡ.

ಲೆಸ್ಬಿಯನ್ನರಿಗೆ ನಗೆಪಾತ್ರವೂ ಸಿಗಲಿಲ್ಲ. ಅವರು ತೆರೆಗೆ ಬಂದಾಗ ಗಾಜು ಒಡೆಯಿತು. ದೀಪಾ ಮೆಹ್ತಾ ಅವರ 'ಫೈರ್'ನಲ್ಲಿ ಶಬಾನಾ ಆಜ್ಮಿ ಮತ್ತು ನಂದಿತಾ ದಾಸ್ ದೆಹಲಿಯ ಒಂದು ಮಧ್ಯಮ ವರ್ಗದ ಮನೆಯ ವಾರಗಿತ್ತಿಯರು. ಅಡುಗೆಮನೆ, ಹಾಸಿಗೆ ಹಿಡಿದ ಅತ್ತೆ, ಉಪವಾಸದ ವ್ರತ ಇವುಗಳ ನಡುವೆ ಬೆಳೆಯುವ ಪ್ರೀತಿ. ಸೆನ್ಸಾರ್ ಮಂಡಳಿ ಕತ್ತರಿ ಹಾಕದೆ ಬಿಟ್ಟಿತ್ತು. 1998ರ ಡಿಸೆಂಬರ್ 2ರಂದು ಶಿವಸೈನಿಕರು ಮುಂಬಯಿಯ ಥಿಯೇಟರುಗಳಿಗೆ ನುಗ್ಗಿದರು. ಆ ಪಕ್ಷದ ಮುಖ್ಯಸ್ಥರ ಮನೆ ಇದ್ದದ್ದು ಬಾಂದ್ರಾ ಪೂರ್ವದ ಕಲಾನಗರದಲ್ಲೇ. ನುಗ್ಗಿದವರನ್ನು ಕೆಣಕಿದ್ದು ಹಾಸಿಗೆಯ ದೃಶ್ಯಕ್ಕಿಂತ ಅಡುಗೆಮನೆ ಎಂದು ನನಗನ್ನಿಸುತ್ತದೆ. ಪಕ್ಕದ ಮನೆಯವರಂತೆಯೇ ಕಾಣುವ ಇಬ್ಬರು ಸೊಸೆಯಂದಿರನ್ನು ನೋಡಿ ನಗುವುದು ಹೇಗೆ? ಆದರೆ ಇದೇ ಊರಿನಲ್ಲಿ 1995ರಿಂದಲೇ 'ಸ್ತ್ರೀ ಸಂಗಮ್' ಎಂಬ ಹೆಣ್ಣುಮಕ್ಕಳ ಗುಂಪು ಸದ್ದಿಲ್ಲದೆ ಸೇರುತ್ತಿತ್ತು. ಮುಂದೆ 'ಲಾಬಿಯಾ' ಆದದ್ದು ಅದೇ.

ಸುದ್ದಿಮನೆಗಳ ಕಥೆ ಇನ್ನೂ ಕೆಟ್ಟದ್ದು. 2010ರಲ್ಲಿ ಅಲಿಗಢದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಾಸ್ ಅವರ ಮಲಗುವ ಕೋಣೆಗೆ ಕ್ಯಾಮೆರಾ ಹಿಡಿದವರು ನುಗ್ಗಿದರು. ವಿಶ್ವವಿದ್ಯಾಲಯ ಅವರನ್ನೇ ಅಮಾನತು ಮಾಡಿತು. ಕೋರ್ಟಿನಲ್ಲಿ ಗೆದ್ದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮರುವರ್ಷ ಟಿವಿ9 ಹೈದರಾಬಾದಿನಲ್ಲಿ ಗೇ ಯುವಕರ ಮೇಲೆ ಗುಪ್ತ ಕಾರ್ಯಾಚರಣೆ ನಡೆಸಿ ಪ್ರಸಾರ ಮಾಡಿತು. ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರ ಒಂದು ಲಕ್ಷ ರೂಪಾಯಿ ದಂಡ ಹಾಕಿ ಕ್ಷಮೆ ಕೇಳಿಸಿತು. ಅಷ್ಟರಲ್ಲಿ ಆ ಯುವಕರ ಧ್ವನಿಗಳು ಮನೆಮನೆ ತಲುಪಿದ್ದವು.

ಸಹಾನುಭೂತಿಯ ಚಿತ್ರಗಳು ಬಂದಿಲ್ಲವೆಂದಲ್ಲ. ಮಂಡ್ಯದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಶ್ರೀಧರ್ ರಂಗಾಯನ್ 2003ರಲ್ಲಿ ಮಾಡಿದ 'ಗುಲಾಬಿ ಆಯಿನಾ'ಕ್ಕೆ ಸೆನ್ಸಾರ್ ಪತ್ರವೇ ಸಿಗಲಿಲ್ಲ. ಅವರು ಸುಮ್ಮನೆ ಕೂರದೆ 2010ರಲ್ಲಿ 'ಕಶಿಶ್' ಚಿತ್ರೋತ್ಸವ ಶುರುಮಾಡಿದರು. 2018ರ 'ಈವನಿಂಗ್ ಶ್ಯಾಡೋಸ್'ನಲ್ಲಿ ಮತ್ತೆ ನಮ್ಮ ಕಡೆಗೇ ಬಂದರು. ಮುಂಬಯಿಯಿಂದ ಊರಿಗೆ ಬಂದ ಮಗ ತಾಯಿಗೆ ನಿಜ ಹೇಳುವ ಕಥೆ ಅದು. ಭಾಷೆ ಹಿಂದಿಯಾದರೂ ಆ ತಾಯಿ ನಮ್ಮ ಹಳೇ ಮೈಸೂರು ಸೀಮೆಯವಳು. ಚಿತ್ರ ನನಗೆ ಹಿಡಿಸಿತು. ಆದರೂ ಒಂದು ತಕರಾರಿದೆ. ಬಹುಪಾಲು ಒಳ್ಳೆಯ ಚಿತ್ರಗಳು ಮನೆಯವರಿಗೆ ಹೇಳುವ ಗಳಿಗೆಗೇ ಬಂದು ನಿಲ್ಲುತ್ತವೆ. ಅಮ್ಮ ಅತ್ತಳು, ಅಪ್ಪ ಬಾಗಿಲು ಹಾಕಿದ, ಟೈಟಲ್ಸ್ ಬಂತು. ಹೇಳಿಯಾದ ಮೇಲೆ ಇನ್ನೂ ಮೂವತ್ತು ನಲವತ್ತು ವರ್ಷ ಬದುಕಬೇಕಲ್ಲ, ಗ್ಯಾಸ್ ಬುಕ್ ಮಾಡಬೇಕಲ್ಲ! ಈ ವಿಷಯದಲ್ಲಿ ಕನ್ನಡದ ಕಥೆ ಸಿನಿಮಾಕ್ಕಿಂತ ಮುಂದಿತ್ತು. 2013ರಲ್ಲಿ ಬಂದ ವಸುಧೇಂದ್ರರ 'ಮೋಹನಸ್ವಾಮಿ'ಯ ನಾಯಕ ತನ್ನ ಸಂಗಾತಿ ಹುಡುಗಿಯೊಬ್ಬಳನ್ನು ಮದುವೆಯಾಗುವುದನ್ನು ನೋಡುತ್ತ ಒದ್ದಾಡುತ್ತಾನೆ, ಆಮೇಲೂ ಬದುಕು ಮುಂದುವರಿಸುತ್ತಾನೆ.

ಸಾಧಾರಣ ಬದುಕು ಎಷ್ಟು ಸಾಧಾರಣವೆಂದು ನೋಡಬೇಕಾದರೆ 2015ರಲ್ಲಿ ಮುಂಬಯಿಯ ಪದ್ಮಾ ಅಯ್ಯರ್ ಮಗ ಹರೀಶ್‌ಗಾಗಿ ಕೊಟ್ಟ ವಧೂವರ ಜಾಹೀರಾತನ್ನು ಓದಬೇಕು. ಮಗನಿಗೆ ವರ ಬೇಕು. ಕೆಲವು ಪತ್ರಿಕೆಗಳು ಹಾಕಲು ಒಪ್ಪಲಿಲ್ಲ, 'ಮಿಡ್-ಡೇ' ಹಾಕಿತು. ಹುಡುಗ ಸಸ್ಯಾಹಾರಿಯಾಗಿರಬೇಕು, ಪ್ರಾಣಿಪ್ರಿಯನಾಗಿರಬೇಕು, ಜಾತಿ ಯಾವುದಾದರೂ ಸರಿ, ಅಯ್ಯರ್ ಆದರೆ ಮೇಲು. ಆ ಕೊನೆಯ ಮಾತಿಗೆ ಗಲಾಟೆಯಾಯಿತು, ಆಗಬೇಕಾದದ್ದೇ. ಆದರೆ ನಮ್ಮ ಯಾವ ಮನೆಯ ಅಮ್ಮ ತಾನೇ ಹಾಗೆ ಬರೆಸುವುದಿಲ್ಲ? ಪ್ರೀತಿಯ ಜತೆಗೆ ನಮ್ಮ ಕೊಳೆಯೂ ಬಂದೇ ಬರುತ್ತದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಭಯ ತೆಗೆಯಿತು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಹೀಗೆ ಉಳಿದದ್ದೆಲ್ಲ ಕಾಗದದ ಕೆಲಸ. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆದರೆ ನಾಮಿನಿ ಆದಮಾತ್ರಕ್ಕೆ ವಾರಸುದಾರ ಆಗುವುದಿಲ್ಲ, ವಿಲ್ ಬರೆದಿಡಲೇಬೇಕು. ಇಲ್ಲದಿದ್ದರೆ ಇಪ್ಪತ್ತು ವರ್ಷ ಮಾತು ಬಿಟ್ಟ ಅಣ್ಣ ಬಂದು ಫ್ಲ್ಯಾಟಿನ ಬೀಗ ಕೇಳುತ್ತಾನೆ. ಗಂಡ ಹೆಂಡತಿಗೆ ಎಷ್ಟು ಲಕ್ಷದ ಉಡುಗೊರೆ ಕೊಟ್ಟರೂ ಪಡೆದವಳಿಗೆ ತೆರಿಗೆಯಿಲ್ಲ. ಗೇ, ಲೆಸ್ಬಿಯನ್ ಜೋಡಿಗಳಿಗೆ ವರ್ಷಕ್ಕೆ 50,000 ರೂಪಾಯಿ ದಾಟಿತೋ, ಆದಾಯವೆಂದು ಲೆಕ್ಕ. ಇದನ್ನು ಪ್ರಶ್ನಿಸಿದ ಗೇ ಜೋಡಿಯೊಂದರ ಅರ್ಜಿ 2025ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂತು.

ಹೈಕೋರ್ಟಿನ ಹೊಸ ಸಂಕೀರ್ಣಕ್ಕೆ 2024ರ ಸೆಪ್ಟೆಂಬರಿನಲ್ಲಿ ಶಂಕುಸ್ಥಾಪನೆ ನಡೆದದ್ದು ಬಾಂದ್ರಾ ಪೂರ್ವದಲ್ಲಿ. ಮದುವೆ ವಿಚ್ಛೇದನಗಳ ಕುಟುಂಬ ನ್ಯಾಯಾಲಯ ಮೊದಲೇ ಆ ಕಡೆ ಇದೆ. ಚಿತ್ರಕಥೆ ಹುಡುಕುವವರಿಗೆ ಹಿಲ್ ರೋಡಿನಿಂದ ಆಟೋದಲ್ಲಿ ಹೋಗಿ ಬರಬಹುದಾದ ದೂರ.