ಸೆರೆಮನೆಯಲ್ಲಿ ಬಾಯಿಬಿಟ್ಟ ಆಯೇಷಾ

ನೈಹಾಟಿ ಬಳಿಯ ಕಾಂಠಾಲಪಾಡಾದ ಮನೆಯಲ್ಲಿ ಬಂಕಿಮಚಂದ್ರ ಚಟ್ಟೋಪಾಧ್ಯಾಯರು ತಮ್ಮ ಹಸ್ತಪ್ರತಿ ಓದುತ್ತಿದ್ದರು. ಕೇಳಲು ಕೂತವರಲ್ಲಿ ಭಾಟಪಾಡಾದ ಸಂಸ್ಕೃತ ಪಂಡಿತರೂ ಇದ್ದರು. ವ್ಯಾಕರಣ ತಪ್ಪಿದೆಯೇ ಎಂದು ಬಂಕಿಮರು ಕೇಳಿದಾಗ, ಕಥೆಯ ಸೆಳೆತದಲ್ಲಿ ಅತ್ತ ಗಮನವೇ ಹೋಗಲಿಲ್ಲ ಎಂದರು ಒಬ್ಬರು. ತಪ್ಪು ಕಂಡದ್ದುಂಟು, ಅಲ್ಲೆಲ್ಲ ಭಾಷೆ ಇನ್ನೂ ಸಿಹಿಯಾಗಿದೆ ಎಂದರಂತೆ ಇನ್ನೊಬ್ಬರು. ಬಂಕಿಮರ ತಮ್ಮ ಪೂರ್ಣಚಂದ್ರರು ಬರೆದಿಟ್ಟ ನೆನಪಿದು. 1865ರಲ್ಲಿ ಅಚ್ಚಾದ ಆ ಬಂಗಾಳಿ ಕಾದಂಬರಿಯೇ ‘ದುರ್ಗೇಶನಂದಿನಿ’.

ಕಾಲ 16ನೇ ಶತಮಾನದ ಕೊನೆ. ಮೊಗಲರಿಗೂ ಪಠಾಣರಿಗೂ ಕಾಳಗ. ಮೊಗಲ್ ಸೇನಾಪತಿ ಮಾನಸಿಂಹನ ಮಗ ಜಗತ್ಸಿಂಹ ಬಿರುಗಾಳಿಗೆ ಸಿಕ್ಕಿ ಗುಡಿಯೊಂದನ್ನು ಹೊಕ್ಕು, ಗಢ ಮಂದಾರಣದ ಕೋಟೆಯೊಡೆಯನ ಮಗಳು ತಿಲೋತ್ತಮೆಯನ್ನು ಕಾಣುತ್ತಾನೆ. ಹೆಸರಿಗೆ ಅವಳೇ ನಾಯಕಿ. ಆದರೆ ಕಾದಂಬರಿ ಆಯೇಷಾಳದು. ಪಠಾಣ ನಾಯಕ ಕತಲು ಖಾನನ ಮಗಳಾದ ಆಕೆ, ಗಾಯಗೊಂಡು ಸೆರೆಸಿಕ್ಕ ಶತ್ರು ಜಗತ್ಸಿಂಹನ ಆರೈಕೆ ಮಾಡುತ್ತಾಳೆ. ರಾತ್ರಿ ಸೆರೆಮನೆಗೆ ಬಂದ ಅವಳನ್ನು, ಅವಳ ಕೈಹಿಡಿಯಲು ಕಾದಿದ್ದ ಉಸ್ಮಾನ್ ಪ್ರಶ್ನಿಸುತ್ತಾನೆ. ಅವಳು ತಲೆ ತಗ್ಗಿಸುವುದಿಲ್ಲ. ಈ ಬಂದಿಯೇ ನನ್ನ ಮನಸ್ಸಿನ ಒಡೆಯ ಎಂದು ಇಬ್ಬರ ಎದುರಿಗೇ ಹೇಳಿಬಿಡುತ್ತಾಳೆ. ಆ ಕಾಲದ ಓದುಗರಿಗೆ ಹೆಣ್ಣಿನ ಬಾಯಲ್ಲಿ ಇಂಥ ಮಾತು ಕೇಳುವುದೇ ಹೊಸದು.

ಆಗಲೇ ಜಗಳವೂ ಹುಟ್ಟಿತು. ಇದು ವಾಲ್ಟರ್ ಸ್ಕಾಟನ ‘ಐವನ್‌ಹೋ’ದ ನೆರಳು ಎಂದರು ವಿಮರ್ಶಕರು. ಹೋಲಿಕೆ ಇಲ್ಲದಿಲ್ಲ. ಅಲ್ಲಿಯ ರೆಬೆಕಾ ಕೂಡ ಗಾಯಾಳುವನ್ನು ಉಳಿಸಿ, ಕೊನೆಗೆ ಅವನ ವಧುವಿಗೆ ತನ್ನ ಒಡವೆ ಕೊಟ್ಟು ಹೋಗುತ್ತಾಳೆ. ಆಯೇಷಾಳೂ ತಿಲೋತ್ತಮೆಗೆ ಒಡವೆ ತೊಡಿಸುತ್ತಾಳೆ. ಬರೆಯುವ ಮೊದಲು ಸ್ಕಾಟನ ಆ ಕೃತಿ ಓದಿರಲಿಲ್ಲ ಎಂದೇ ಬಂಕಿಮರು ಹೇಳಿದರು. ನನಗೆ ಆ ಜಗಳ ದೊಡ್ಡದೆನಿಸುವುದಿಲ್ಲ. ಕೋಟೆಯೊಡೆಯನ ಗುಟ್ಟಿನ ಹೆಂಡತಿ ವಿಮಲೆ ಯಾವ ಸ್ಕಾಟನಿಂದ ಬಂದಳು? ಇತಿಹಾಸದ ಕತಲು ಖಾನ್ ಕಾಯಿಲೆಯಿಂದ ಸತ್ತ. ಕಾದಂಬರಿಯಲ್ಲಿ ಗಂಡನನ್ನು ಕೊಲ್ಲಿಸಿದ ಅವನನ್ನು ಅವನದೇ ಉತ್ಸವದ ರಾತ್ರಿ ವಿಮಲೆ ಇರಿಯುತ್ತಾಳೆ. ಇನ್ನು ಆಯೇಷಾಳ ಬೆರಳಲ್ಲಿ ವಿಷದುಂಗುರ. ಎಲ್ಲ ಮುಗಿದ ಮೇಲೆ ಅದನ್ನೊಮ್ಮೆ ನೋಡಿ, ಕೋಟೆಯ ಕಂದಕದ ನೀರಿಗೆ ಎಸೆಯುತ್ತಾಳೆ. ಸೋತವಳು ಸಾಯಬೇಕೆಂಬ ಕಟ್ಟಳೆಯನ್ನೇ ಅವಳು ಒಪ್ಪಲಿಲ್ಲ.

ಇವರನ್ನೆಲ್ಲ ಕನ್ನಡಕ್ಕೆ ಕರೆತಂದವರು ಬಿ. ವೆಂಕಟಾಚಾರ್ಯರು. ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿದ್ದುಕೊಂಡೇ, ಸ್ವಂತ ಶ್ರಮದಿಂದ ಬಂಗಾಳಿ ಕಲಿತ ಅವರ ಕನ್ನಡ ‘ದುರ್ಗೇಶನಂದಿನಿ’ 1885ರಲ್ಲಿ ಬಂತು. ಗುಲ್ವಾಡಿ ವೆಂಕಟರಾಯರ ಸ್ವತಂತ್ರ ಕನ್ನಡ ಕಾದಂಬರಿ ‘ಇಂದಿರಾಬಾಯಿ’ಗೆ ಇನ್ನೂ 14 ವರ್ಷ ಬಾಕಿಯಿತ್ತು! ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹತ್ತಿಸಿದವರಲ್ಲಿ ಆಚಾರ್ಯರು ಮೊದಲಿಗರು. ಅವರನ್ನು ಸಾಹಿತ್ಯ ಚರಿತ್ರೆಯ ಒಂದು ಸಾಲಿಗೆ ಇಳಿಸಿ, ‘ಅನುವಾದಕ’ ಎಂದು ಮುಗಿಸಿಬಿಡುವುದು ನೋಡಿದರೆ ಸಂಕಟವಾಗುತ್ತದೆ. ಆ ಓದುಗರು ಮೊದಲೇ ಸಿದ್ಧರಾಗಿರದಿದ್ದರೆ ನಮ್ಮ ಸ್ವತಂತ್ರ ಕಾದಂಬರಿಗಳಿಗಾಗಿ ಕಾದಿರುತ್ತಿದ್ದವರು ಯಾರು?

ಆಚಾರ್ಯರು 1914ರಲ್ಲಿ ತೀರಿಕೊಂಡರು. ಅವರ ಕೃತಿಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಯಾರು ಬೇಕಾದರೂ ಅಚ್ಚು ಹಾಕಬಹುದು. ಪ್ರಕಾಶಕರೇ, ‘ದುರ್ಗೇಶನಂದಿನಿ’ಯಿಂದಲೇ ಶುರುಮಾಡಿ.