ಫಾರ್ಮ್ಯಾಟ್ ಹೊಡೆಯುವ ಮುಂಚೆ

"ನಾನೇನೂ ಮುಟ್ಟಿಲ್ಲ ಸಾರ್. ರಾತ್ರಿ ಚೆನ್ನಾಗೇ ಇತ್ತು, ಬೆಳಿಗ್ಗೆ ನೋಡಿದ್ರೆ ತಾನಾಗೇ ಹಿಂಗಾಗಿದೆ." ಮನೆಯ ಕಂಪ್ಯೂಟರ್ ಕೈಕೊಟ್ಟಾಗ ಎಲ್ಲ ಊರಲ್ಲೂ ಕೇಳಿಬರುವ ಮಾತಿದು. ರಿಪೇರಿಗೆ ಬಂದವರ ಬಾಯಲ್ಲೂ ಒಂದು ಸಿದ್ಧ ಉತ್ತರ ಇರುತ್ತದೆ: "ವೈರಸ್ ಇರ್ಬೇಕು, ಫಾರ್ಮ್ಯಾಟ್ ಹೊಡೆದುಬಿಡೋಣ." ಅಲ್ಲಿಗೆ ಕಾಯಿಲೆಯ ಜೊತೆಗೆ ಅದರ ಗುರುತುಗಳೂ ಅಳಿಸಿಹೋಗುತ್ತವೆ. ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ. ಯಾವಾಗ ಆಯಿತು, ಯಾವಾಗ ಆಗುವುದಿಲ್ಲ ಎಂದು ಕೇಳುವವರು ಕಡಿಮೆ. ಆದರೆ ಜಾಡು ಸಿಗುವುದೇ ಆ ಪ್ರಶ್ನೆಯಿಂದ.

ಮೈಸೂರು–ನಂಜನಗೂಡು ಹೆದ್ದಾರಿಯ ತಾಂಡವಪುರವನ್ನೇ ತೆಗೆದುಕೊಳ್ಳಿ. ಕೈಗಾರಿಕಾ ಪ್ರದೇಶವಿದೆ, ಎಂಜಿನಿಯರಿಂಗ್ ಕಾಲೇಜಿದೆ, ಚಾಮರಾಜನಗರದ ರೈಲು ಹಾದುಹೋಗುವ ಸ್ಟೇಷನ್ ಇದೆ. ಇಂಥ ಊರಿನ ಮನೆಯೊಂದರಲ್ಲಿ ಹಳೆಯ ಡೆಸ್ಕ್‌ಟಾಪ್ ಇದೆ ಎಂದುಕೊಳ್ಳೋಣ. ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು ಶುರುವಾದರೆ "ಮೊದ್ಲು ಪ್ಲಗ್ ಕೀಳು" ಎಂದು ಹಿರಿಯರು ಕೂಗುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಒಂದು ದಿನ ಪ್ಲಗ್ ಹಾಕಿ ಆನ್ ಮಾಡಿದರೆ ಬ್ಯಾಂಕಿನ ತಾಣ ತೆರೆಯುವುದಿಲ್ಲ, ಇಮೇಲ್ ತೆರೆಯುವುದಿಲ್ಲ. "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಎಂದು ಬ್ರೌಸರ್ ಕೆಂಪಾಗಿ ಎಚ್ಚರಿಸುತ್ತದೆ. ಅದೇ ವೈಫೈಯಲ್ಲಿ ಮೊಬೈಲ್ ಮಾತ್ರ ಸಲೀಸಾಗಿ ನಡೆಯುತ್ತಿರುತ್ತದೆ. ವೈರಸ್ ಬಂತೆಂದು ಮನೆಯವರೆಲ್ಲ ತೀರ್ಮಾನಿಸುವುದು ಇಲ್ಲೇ.

ಪರದೆಯ ಕೆಳಗೆ ಬಲಮೂಲೆಯ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನ ಜನವರಿ 1 ಎಂದಿದ್ದರೆ ಕಳ್ಳ ಸಿಕ್ಕಂತೆ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಒಂದು ಬಿಲ್ಲೆ ಸೆಲ್ ಇರುತ್ತದೆ. ಸಿಆರ್2032 ಎಂಬ ಅದರ ಹೆಸರೇ ಅದರ ಅಳತೆ. ಕೈಗಡಿಯಾರದಲ್ಲಿರುವಂಥದ್ದೇ ಒಂದು ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತ ಕಾಲವನ್ನು ಎಣಿಸುತ್ತದೆ. ಪ್ಲಗ್ ಗೋಡೆಯಲ್ಲಿ ಇರುವಷ್ಟು ಹೊತ್ತು ಈ ಎಣಿಕೆಗೆ ವಿದ್ಯುತ್ತು ಮೇನ್ಸ್‌ನಿಂದ ಬರುತ್ತದೆ, ಕಂಪ್ಯೂಟರ್ ಆಫ್ ಆಗಿದ್ದರೂ ಸರಿ. ಪ್ಲಗ್ ಕಿತ್ತರೆ ಅಥವಾ ಗೋಡೆಯ ಸ್ವಿಚ್ ಆರಿಸಿದರೆ ಪೂರ್ತಿ ಭಾರ ಆ ಬಿಲ್ಲೆಯ ಮೇಲೆ. ದಿನಾ ರಾತ್ರಿ ಸ್ವಿಚ್ ಆರಿಸುವ ಮನೆಯಲ್ಲಿ ಅದು ಬೇಗ ಸವೆಯುತ್ತದೆ. ಸೆಲ್ ಸತ್ತ ಮೇಲೆ ಪ್ಲಗ್ ಕಿತ್ತ ಪ್ರತಿ ಸಲವೂ ಕಂಪ್ಯೂಟರ್ ಕಾಲ ಮರೆಯುತ್ತದೆ.

ಅದಕ್ಕೂ ಬ್ಯಾಂಕಿಗೂ ಏನು ಸಂಬಂಧ? ಸುರಕ್ಷಿತ ತಾಣಗಳೆಲ್ಲ ತಮ್ಮ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತವೆ. ಅದಕ್ಕೆ ಆರಂಭದ ತಾರೀಖು, ಮುಗಿಯುವ ತಾರೀಖು ಎರಡೂ ಇರುತ್ತವೆ. 2020ರ ಸೆಪ್ಟೆಂಬರಿನಿಂದ ಹೊಸ ಪ್ರಮಾಣಪತ್ರಗಳ ಆಯಸ್ಸಿಗೆ 398 ದಿನಗಳ ಮಿತಿ ಬಿತ್ತು. ಆಯಸ್ಸು ಕಿರಿದಾದಷ್ಟೂ ತಪ್ಪು ಗಡಿಯಾರ ಬೇಗ ಸಿಕ್ಕಿಬೀಳುತ್ತದೆ. ಹಳೆಯ ಜನವರಿಯಲ್ಲಿ ಕೂತ ಕಂಪ್ಯೂಟರಿನ ಕಣ್ಣಿಗೆ ಈ ವರ್ಷದ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ. ಅದು ಬಾಗಿಲು ಮುಚ್ಚುವುದು ನ್ಯಾಯವೇ. ಇಂಟರ್ನೆಟ್ಟಿನಿಂದ ತಾನಾಗೇ ಸಮಯ ಸರಿಪಡಿಸಿಕೊಳ್ಳಬಹುದಲ್ಲ ಎಂದರೆ, ಮನೆಬಳಕೆಯ ವಿಂಡೋಸಿನ ಸಮಯಸೇವೆಗೆ ಒಂದು ಹಟವಿದೆ. ಮೂಲ ಸಂಯೋಜನೆಯಲ್ಲಿ ವ್ಯತ್ಯಾಸ 15 ಗಂಟೆ ಮೀರಿದರೆ ಏನೋ ಮೋಸವಿದೆ ಎಂದು ಶಂಕಿಸಿ ಅದು ತಿದ್ದುವುದೇ ಇಲ್ಲ. ತಾರೀಖನ್ನು ನಾವೇ ಸರಿಪಡಿಸಿ, ಸೆಲ್ ಬದಲಿಸಬೇಕು. ಇಂಥ ದೋಷಕ್ಕೆ ಫಾರ್ಮ್ಯಾಟ್ ಹೊಡೆದರೆ ಸೆಲ್ ಸತ್ತೇ ಇರುತ್ತದೆ, ಮದುವೆಯ ಫೋಟೊಗಳು ಮಾತ್ರ ಹೋಗಿರುತ್ತವೆ.

ಇನ್ನೊಂದು ದೂರು: ಕೆಲಸ ಮಾಡುತ್ತಿರುವಾಗಲೇ ರೀಸ್ಟಾರ್ಟ್ ಆಗುತ್ತದೆ. ವಿಂಡೋಸಿನ ಹುಡುಕುಪಟ್ಟಿಯಲ್ಲಿ 'ರಿಲಯಬಿಲಿಟಿ' ಎಂದು ಟೈಪಿಸಿದರೆ ದಿನಕ್ಕೊಂದು ಕಂಬದಂತೆ ಒಂದು ನಕ್ಷೆ ತೆರೆಯುತ್ತದೆ. ಕಂಪ್ಯೂಟರಿನ ಆರೋಗ್ಯಕ್ಕೆ 1ರಿಂದ 10ರವರೆಗೆ ಅಂಕ, ಕೆಟ್ಟ ದಿನಕ್ಕೆ ಕೆಂಪು ಗುರುತು. ಇಷ್ಟು ಉಪಯುಕ್ತವಾದದ್ದನ್ನು ಇಷ್ಟು ಚೆನ್ನಾಗಿ ಬಚ್ಚಿಟ್ಟದ್ದು ಹೇಗೋ ನನಗೆ ತಿಳಿಯದು. ವಿಂಡೋಸಿನ ಘಟನಾವಳಿಯ ದಾಖಲೆಯಲ್ಲಿ 'ಕರ್ನಲ್-ಪವರ್ 41' ಎಂದಿದ್ದರೆ ಅದರರ್ಥ, ಸರಿಯಾಗಿ ಮುಚ್ಚುವ ಮೊದಲೇ ಯಂತ್ರ ನಿಂತು ಮತ್ತೆ ಶುರುವಾಯಿತು ಎಂದಷ್ಟೆ. ಏಕೆ ಎಂದು ಅದು ಹೇಳುವುದಿಲ್ಲ, ಯಾವಾಗ ಎಂದು ಹೇಳುತ್ತದೆ. ಆ ಹೊತ್ತನ್ನು ಮನೆಯ ದಿನಚರಿಯ ಪಕ್ಕ ಇಟ್ಟು ನೋಡಿ. ಸಂಪಿನ ಮೋಟಾರ್ ಹಾಕುವ ಹೊತ್ತಿಗೆ ಅದು ತಾಳೆಯಾದರೆ ಆಶ್ಚರ್ಯವಿಲ್ಲ. ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟಿಲ್ಲದೆ ತಾಳಬೇಕಾದ ಅವಧಿ ಸುಮಾರು 16 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೇ 20 ಮಿಲಿಸೆಕೆಂಡ್ ಬೇಕು. ಹಳತಾದ ಸಪ್ಲೈ ಅಷ್ಟನ್ನೂ ತಾಳದು. ಬಲ್ಬು ಮಿಟುಕಿದ್ದು ಕಣ್ಣಿಗೆ ಕಾಣುವಷ್ಟರಲ್ಲಿ ಕಂಪ್ಯೂಟರ್ ಬಿದ್ದಾಗಿರುತ್ತದೆ. ಬೈಗುಳ ಮಾತ್ರ ವಿಂಡೋಸಿಗೆ.

ಹೊತ್ತು ಗಮನಿಸುವುದರ ಬೆಲೆ ವೇಲ್ಸ್‌ನ ಅಬರ್‌ಹೊಸಾನ್ ಎಂಬ ಹಳ್ಳಿಗೆ ಚೆನ್ನಾಗಿ ಗೊತ್ತು. ಅಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ಇಡೀ ಊರಿನ ಬ್ರಾಡ್‌ಬ್ಯಾಂಡ್ ಕುಸಿಯುತ್ತಿತ್ತು. ಕೇಬಲ್ ಬದಲಿಸಿದರೂ ಹೋಗಲಿಲ್ಲ. ಹದಿನೆಂಟು ತಿಂಗಳ ಪರದಾಟದ ನಂತರ ಎಂಜಿನಿಯರುಗಳು ಬೆಳಗಿನ ಜಾವವೇ ತರಂಗಮಾಪಕ ಹಿಡಿದು ಬೀದಿಯಲ್ಲಿ ನಡೆದರು. ಏಳು ಹೊಡೆಯಿತು, ಮುಳ್ಳು ಜಿಗಿಯಿತು. ಒಂದು ಮನೆಯಲ್ಲಿ ಆಗಷ್ಟೇ ಹಾಕಿದ ಹಳೆಯ ಟಿವಿ ವಿದ್ಯುತ್ ಗದ್ದಲ ಎಬ್ಬಿಸುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಈ ಸುದ್ದಿ ಜಗತ್ತಿನೆಲ್ಲೆಡೆ ಓಡಾಡಿತು.

ಕನ್ನಡಿಗರಿಗೇ ಮೀಸಲಾದ ಒಂದು ಗೊಂದಲವೂ ಇದೆ. ಡಿಟಿಪಿ ಅಂಗಡಿಯಲ್ಲಿ ಮುದ್ದಾಗಿ ಕಂಡ ಲಗ್ನಪತ್ರಿಕೆ ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳ ಸಂಖ್ಯೆಗಳ ಮೇಲೆ ಕೂರಿಸಿದ್ದವು. 'ತಾಂಡವಪುರ' ಎಂದು ನುಡಿಯಲ್ಲಿ ಬರೆದು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆಯಿರಿ. ಮೊದಲಿಗೆ ಇಂಗ್ಲಿಷಿನ ಸಣ್ಣ ವಿ, ನಡುನಡುವೆ ನೆತ್ತಿಯ ಮೇಲೆ ಓರೆಗೀಟಿರುವ ಎ ಅಕ್ಷರಗಳು (ಅವುಗಳಲ್ಲೊಂದು ನಮ್ಮ ತಲೆಕಟ್ಟು), 'ಪು' ಇರಬೇಕಾದ ಕಡೆ ಜಪಾನಿನ ಯೆನ್ ಚಿಹ್ನೆ. ಏಕೆಂದರೆ ನುಡಿಯ ಲೆಕ್ಕದಲ್ಲಿ 'ಪ'ದ ಒಡಲು 165, ಲೋಕದ ಲೆಕ್ಕದಲ್ಲಿ 165 ಎಂದರೆ ಯೆನ್. ಊರಿನ ಹೆಸರಿಗೆ ನುಡಿ ಹನ್ನೆರಡು ಸಂಖ್ಯೆ ಖರ್ಚು ಮಾಡುತ್ತದೆ. ಯೂನಿಕೋಡ್‌ಗೆ ಎಂಟು ಸಾಕು, ಅಲ್ಲಿ 'ಪ' ಯಾವ ದೇಶಕ್ಕೆ ಹೋದರೂ 3242. ಕಡತ ಕೆಟ್ಟಿಲ್ಲ, ಓದಲು ಬೇಕಾದ ಫಾಂಟ್ ಇಲ್ಲ, ಅಷ್ಟೆ. ಫಾಂಟ್ ಹಾಕಿಕೊಳ್ಳಬಹುದು, ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿಕೊಳ್ಳಬಹುದು. ತಮಾಷೆ ಏನೆಂದರೆ, ಈ ದೋಷ ಎಷ್ಟೋ ಸಲ ಕಾಣಿಸಿಕೊಳ್ಳುವುದೇ ಫಾರ್ಮ್ಯಾಟ್ ಹೊಡೆದ ಮಾರನೆಯ ದಿನ. ಒಂದು ತೊಂದರೆಗೆಂದು ಎಲ್ಲ ಅಳಿಸಿದವರು ನುಡಿಯನ್ನೂ ಅಳಿಸಿರುತ್ತಾರೆ.

ಸಮಯದ ಸುಳಿವೂ ಸಿಗದಿದ್ದರೆ ಅರ್ಧರ್ಧ ಮಾಡುವ ದಾರಿ ಇದೆ. ವಿಂಡೋಸಿನ ಜೊತೆಗೇ ಶುರುವಾಗುವ 32 ಹೊರಗಿನ ಸೇವೆಗಳಲ್ಲಿ ಒಂದು ತಂಟೆಕೋರ ಎಂದಿಟ್ಟುಕೊಳ್ಳಿ. 'ಎಂಎಸ್‌ಕಾನ್ಫಿಗ್' ತೆರೆದು, ಮೈಕ್ರೋಸಾಫ್ಟಿನವನ್ನು ಮರೆಮಾಡಿ, ಉಳಿದವುಗಳಲ್ಲಿ ಹದಿನಾರನ್ನು ನಿಲ್ಲಿಸಿ ರೀಸ್ಟಾರ್ಟ್ ಮಾಡಿ. ದೋಷ ಹೋದರೆ ನಿಲ್ಲಿಸಿದ ಅರ್ಧದಲ್ಲಿದೆ, ಉಳಿದರೆ ಇನ್ನೊಂದರಲ್ಲಿ. ಐದು ಸಲಕ್ಕೆ ಒಂದೇ ಉಳಿಯುತ್ತದೆ. ಒಮ್ಮೆಗೆ ಒಂದೇ ಬದಲಾವಣೆ, ಬರೆದಿಟ್ಟುಕೊಂಡು. ಎರಡು ಪ್ರೋಗ್ರಾಮುಗಳು ಸೇರಿದಾಗ ಮಾತ್ರ ಜಗಳವಾಗುವಂತಿದ್ದರೆ ಈ ಉಪಾಯ ಕೈಕೊಡುತ್ತದೆ. ಆಗ ತಾಳ್ಮೆಯೊಂದೇ ಗತಿ.

ನಿಜಕ್ಕೂ 'ತಾನಾಗೇ' ಆಗುವ ದೋಷ ಇಲ್ಲವೇ ಇಲ್ಲ ಎನ್ನಲಾಗದು. 2003ರ ಮೇ 18ರಂದು ಬೆಲ್ಜಿಯಂ ಚುನಾವಣೆಯಲ್ಲಿ, ಸ್ಕಾರ್‌ಬೇಕ್ ಎಂಬಲ್ಲಿ, ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದವು. ಹೆಚ್ಚುವರಿ ಮತ ಸರಿಯಾಗಿ 4096, ಅಂದರೆ ಎರಡನ್ನು ಹನ್ನೆರಡು ಸಲ ಗುಣಿಸಿದಷ್ಟು. ಮೆಮೊರಿಯಲ್ಲಿ ಹದಿಮೂರನೆಯ ಬಿಟ್ ಸೊನ್ನೆಯಿಂದ ಒಂದಕ್ಕೆ ಮಗುಚಿತ್ತು. ತಂತ್ರಾಂಶದಲ್ಲಿ ತಪ್ಪು ಸಿಗಲಿಲ್ಲ, ವಿಶ್ವಕಿರಣದ ಕಣವೊಂದು ತಾಗಿರಬೇಕು ಎಂಬುದೇ ಜನ ಒಪ್ಪಿದ ಊಹೆ. ಸರ್ವರುಗಳಲ್ಲಿ ಇಂಥ ತಪ್ಪನ್ನು ತಿದ್ದುವ ಮೆಮೊರಿ ಇರುತ್ತದೆ, ಮನೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಒಂದು ಸಲ ಏನೋ ಆಗಿ ರೀಸ್ಟಾರ್ಟ್ ಮಾಡಿದಾಗ ಸರಿಹೋದರೆ ಬಿಟ್ಟುಬಿಡಿ. ಎರಡನೆಯ ಸಲ ಆದರೆ ಗಂಟೆ ಎಷ್ಟಾಗಿದೆ ಎಂದು ಗೋಡೆಯ ಗಡಿಯಾರದಲ್ಲಿ ನೋಡಿ. ಕಂಪ್ಯೂಟರಿನದ್ದನ್ನು ನಂಬಬೇಡಿ.